ಡ್ರ್ಯಾಗನ್ ಸವಾರಿಗೆ ಕನ್ನಡದ ಪದಗಳನ್ನು ಕಟ್ಟುವುದು ಹೇಗೆ?

ಮುಗಿಲಹಾದಿ

ಘಟ್ಟದಂಥ ಬೆಟ್ಟಸಾಲು, ನೆತ್ತಿಯ ಮೇಲೊಂದು ಕೋಟೆ, ಕೋಟೆಯೊಳಗೆ ಡ್ರ್ಯಾಗನ್ ಪಡೆ. ಇಂಥ ಒಂದು ಕಾದಂಬರಿ ಬರೆಯುತ್ತಿದ್ದೇನೆ, ಅದಕ್ಕೆ ಪದಗಳು ಬೇಕಾಗಿವೆ. ಪ್ರಾಣಿಗೆ ನಾಲ್ಕು ಕಾಲು, ಎರಡು ತೊಗಲು ರೆಕ್ಕೆ, ಎರಡು ಕೋಡು. ಬಾಯಲ್ಲಿ ಬೆಂಕಿ ಬರುತ್ತದೆ. ಪ್ರಾಣಿಗೊಂದು ಹೆಸರು, ಏರುವವನಿಗೊಂದು ಹೆಸರು, ಜೀನು ಲಗಾಮಿನಂಥ ಸಾಮಾನು, ಹಾರಾಟದ ಬಗೆಗಳು, ಕೂಗಿ ಹೇಳುವ ಆಜ್ಞೆಗಳು, ಇಷ್ಟು ಬೇಕು.

ಸದ್ಯ ಕರಡಿನಲ್ಲಿ "ಘಟಸರ್ಪಾರೋಹಿ" (ಡ್ರ್ಯಾಗನ್ ಏರುವವನು), "ಘಟಸರ್ಪಪರ್ಯಾಣ" (ಅದರ ಜೀನು), "ಉಡ್ಡಯನಾಜ್ಞೆ" (ಹಾರುವ ಆಜ್ಞೆ) ಅಂತೆಲ್ಲ ಇವೆ. ಪಾತ್ರಗಳ ಬಾಯಲ್ಲಿ ಇವು ಕೂರುತ್ತಿಲ್ಲ. ಹಾಗಂತ "ಡ್ರ್ಯಾಗನ್ ರೈಡರ್" ಎಂದು ಬರೆಯುವುದಕ್ಕೂ ಮನಸ್ಸಿಲ್ಲ.

ನುಡಿಗಮ್ಮಟ

ಆ ಮೂರು ಪದಗಳಲ್ಲಿ ತಪ್ಪೇನಿಲ್ಲ, ಅವು ಇರಬೇಕಾದ ಜಾಗ ಬೇರೆ. ಅರಮನೆಯ ಶಾಸನದಲ್ಲೋ ಬಿರುದಿನಲ್ಲೋ "ಘಟಸರ್ಪಾರೋಹಿ" ಚೆನ್ನಾಗಿಯೇ ಕೂರುತ್ತದೆ. ಲಾಯದಲ್ಲಿ ಸಗಣಿ ಬಾಚುವವನು ಹಾಗೆ ಮಾತಾಡುವುದಿಲ್ಲ. ಆನೆ ಕುದುರೆಯ ಪದಗಳು ನಮ್ಮ ಭಾಷೆಗೆ ಹೇಗೆ ಬಂದವು ಅಂತ ನೋಡಿದರೆ ದಾರಿ ಸಿಗುತ್ತದೆ. ಅರಮನೆಯ ದೊಡ್ಡ ಪದ ಲಾಯಕ್ಕೆ ಇಳಿಯುತ್ತದೆ, ಅಲ್ಲಿ ದಿನಕ್ಕೆ ನೂರು ಸಲ ಬಾಯಲ್ಲಿ ಹೊರಳಿ ಸವೆಯುತ್ತದೆ. "ಮಹಾಮಾತ್ರ" ಸವೆದು "ಮಾವುತ" ಆಯಿತು. "ರಾಜಪುತ್ರ" ಪ್ರಾಕೃತದಲ್ಲಿ "ರಾಉತ್ತ" ಆಗಿ ನಮ್ಮಲ್ಲಿ "ರಾವುತ" ಆಯಿತು.

ಇದೇ ದಾರಿಯಲ್ಲಿ ನಿಮ್ಮ ಸವಾರನನ್ನೂ ನಡೆಸಿ. "ನಾಗಪುತ್ರ" ಅಂತ ಒಂದು ಹಳೆಯ ಬಿರುದು ಇತ್ತು ಎಂದುಕೊಳ್ಳಿ. ಸ್ವರಗಳ ನಡುವಿನ "ಗ" ಬೀಳುತ್ತದೆ, "ಪುತ್ರ" ಸವೆದು "ಉತ್ತ" ಆಗುತ್ತದೆ: ನಾಗಪುತ್ರ, ನಾಉತ್ತ, ನಾವುತ. ರಾವುತ, ಮಾವುತ, ನಾವುತ. ಓದುಗನಿಗೆ ಯಾರೂ ಅರ್ಥ ಹೇಳಬೇಕಿಲ್ಲ, ಮೂರನೆಯದು ಯಾವ ಜಾತಿಯ ಪದ ಅಂತ ಕಿವಿಗೇ ಗೊತ್ತಾಗುತ್ತದೆ.

ಇದೇ ಅಚ್ಚಿನಲ್ಲಿ "ಸರ್ಪಪುತ್ರ"ವನ್ನು ನಿಯಮ ಮೀರಿ ಇನ್ನಷ್ಟು ಸವೆಸಿದರೆ "ಸಾವುತ" ಅನ್ನಬಹುದು. ಒಳಗೆ "ಸಾವು" ಕೇಳಿಸುವುದರಿಂದ ಶತ್ರುಪಡೆಯವರು ಕರೆಯುವ ಹೆಸರಾಗಿ ಇಟ್ಟುಕೊಳ್ಳಬಹುದು.

ತೇಜಿ

ನಾವುತ ಒಳ್ಳೆಯದಿದೆ. "ನಾವಿಕ" ಎಂಬುದರ ಹತ್ತಿರ ಹೋಗುತ್ತದೆ, ಹಾಗಾಗಿ ಕಥೆಯಲ್ಲಿ ಹಡಗು ದೋಣಿ ಬಂದರೆ ಅಲ್ಲಿ "ಅಂಬಿಗ" ಬಳಸಿ.

ಸಾಮಾನಿನ ವಿಷಯಕ್ಕೆ ಬರೋಣ. ಜೀನು, ಲಗಾಮು, ರಿಕಾಪು (ಸವಾರ ಕಾಲಿಡುವ ಬಳೆ), ಸವಾರ ಎಲ್ಲವೂ ಪಾರಸಿಯಿಂದ ಬಂದವು. ನಿಮ್ಮ ಕಥಾಲೋಕಕ್ಕೆ ಪಾರಸಿ ಮಾತಿನ ನಂಟೇ ಇಲ್ಲ ಎಂದಾದರೆ ಪಾತ್ರಗಳ ಬಾಯಲ್ಲಿ ಇವು ಬೇಡ. ಇವಕ್ಕೆ ಹಿಂದಿನ ಪದಗಳು ನಮ್ಮಲ್ಲೇ ಇವೆ: ಜೀನಿಗೆ "ಪಲ್ಲಣ", ಅದೇ ಮುಂದೆ "ಹಲ್ಲಣ" ಆಯಿತು. ಕಟ್ಟುವುದಕ್ಕೆ "ಹಲ್ಲಣಿಸು" ಎಂಬ ಕ್ರಿಯಾಪದವೂ ಇದೆ. ರಿಕಾಪಿಗೆ "ಅಂಕವಣೆ". ಲಗಾಮಿನ ಹಗ್ಗಕ್ಕೆ "ವಾಘೆ". ಕುದುರೆಯ ಕವಚಕ್ಕೆ "ಪಕ್ಕರೆ", ಆನೆಯದಕ್ಕೆ "ಗುಳ". ಸವಾರಿಯ ಬಯಲಿಗೂ ಆ ಸವಾರಿಗೂ "ವೈಹಾಳಿ". ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಆನೆಗೊಂದು ಕುದುರೆಗೊಂದು ವಾಹ್ಯಾಲಿ (ಅಂದರೆ ವೈಹಾಳಿ) ವಿನೋದವೇ ಇದೆ. ಮೂರನೆಯದಾಗಿ ನಿಮ್ಮ ಪ್ರಾಣಿಯ ವೈಹಾಳಿಯನ್ನು ಸೇರಿಸಿದರೆ ಅದು ಆ ಸಾಲಿನಲ್ಲಿ ಹಾಯಾಗಿ ನಿಲ್ಲುತ್ತದೆ.

ಕಟ್ಟುವ ಕ್ರಮಕ್ಕೆ ಮೈಸೂರು ದಸರೆಯ ಆನೆಯನ್ನು ನೋಡಿ. ಬೆನ್ನ ಮೇಲೆ ಮೊದಲು ನಮ್ದಾ ಎಂಬ ಮೆತ್ತೆ, ಅದರ ಮೇಲೆ ಗಾದಿ, ಆಮೇಲೆ ತಾಲೀಮಿನ ದಿನಗಳಲ್ಲಾದರೆ ತೊಟ್ಟಿಲು ಕಟ್ಟಿ ಮರಳಿನ ಮೂಟೆ. ಚಿನ್ನದ ಅಂಬಾರಿ 750 ಕಿಲೋ, ಅಷ್ಟನ್ನು ಒಂದೇ ಸಲ ಹೊರಿಸುವುದಿಲ್ಲ. ಮೆತ್ತೆ, ಗಾದಿ, ಚೌಕಟ್ಟು, ಬಿಗಿಹಗ್ಗ ಎಂಬ ಈ ನಾಲ್ಕು ಪದರಗಳಿಗೆ ಹೆಸರಿಟ್ಟರೆ ನಿಮ್ಮ ಹಲ್ಲಣದ ಅಧ್ಯಾಯ ಮುಗಿಯಿತು.

ಓತಿಕ್ಯಾತ

ಹೆಸರಿಡುವ ಮೊದಲು ಮೈಕಟ್ಟು ನಿಶ್ಚಯವಾಗಲಿ. ತೊಗಲು ರೆಕ್ಕೆ ಎಂದಿರಿ, ಆ ತೊಗಲು ಯಾವುದರ ಮೇಲೆ ಹರಡಿದೆ? ಘಟ್ಟದ ಹಾರುವ ಓತಿಗೆ ಉದ್ದ ಚಾಚಿದ ಪಕ್ಕೆಲುಬುಗಳ ಮೇಲೆ ತೊಗಲಿದೆ. ಅದು ರೆಕ್ಕೆ ಬಡಿಯುವುದಿಲ್ಲ, ಮರದಿಂದ ಮರಕ್ಕೆ ತೇಲುತ್ತದೆ ಅಷ್ಟೆ. ಅಂಥ ಮೈಯ ಮೇಲೆ ಹೊಟ್ಟೆಪಟ್ಟಿ ಕಟ್ಟಿದರೆ ರೆಕ್ಕೆಯನ್ನೇ ಕಟ್ಟಿದ ಹಾಗೆ. ಬಾವಲಿಗೆ ತೊಗಲು ಇರುವುದು ಕೈಬೆರಳುಗಳ ನಡುವೆ, ಬಡಿಯುವ ಬಲ ಬರುವುದು ಎದೆಯ ಸ್ನಾಯುವಿನಿಂದ. ನಿಮ್ಮದು ಬಾವಲಿಯ ಬಗೆ ಎಂದಿಟ್ಟುಕೊಂಡರೆ ಕುದುರೆಗೆ ಕಟ್ಟಿದಂತೆ ಎದೆಯ ಸುತ್ತ ಒಂದೇ ಪಟ್ಟಿ ಬಿಗಿಯಲಾಗದು. ಪ್ರತಿ ಬಡಿತಕ್ಕೂ ಸ್ನಾಯು ಉಬ್ಬಿ ಇಳಿಯುತ್ತದೆ, ಪಟ್ಟಿ ಉಜ್ಜಿ ಹುಣ್ಣಾಗುತ್ತದೆ.

ಹಾಗಾಗಿ ಕೂರುವ ಜಾಗ ಕೊರಳಿಗೂ ರೆಕ್ಕೆಬುಡಕ್ಕೂ ನಡುವೆ, ಎತ್ತಿನ ಹೆಗಲಿದ್ದಂತೆ. ಒಂದು ಪಟ್ಟಿ ಕೊರಳಬುಡಕ್ಕೆ, ಇನ್ನೊಂದು ರೆಕ್ಕೆಯ ಹಿಂದೆ ಹೊಟ್ಟೆಗೆ, ಎರಡನ್ನೂ ಬೆನ್ನುದ್ದಕ್ಕೆ ಸೇರಿಸುವ ಒಂದು ಮಿಣಿ. ಮರದ ಚೌಕಟ್ಟು ಬೇಡ, ಹಾರುವ ಪ್ರಾಣಿಗೆ ಒಂದೊಂದು ಕಿಲೋ ಲೆಕ್ಕಕ್ಕೆ ಬರುತ್ತದೆ. ಬೆತ್ತದ ಚೌಕಟ್ಟು ಸಾಕು.

ಇನ್ನೊಂದು ವಿಷಯವನ್ನು ಯಾರೂ ಬರೆಯುವುದಿಲ್ಲ: ಇದು ಪೊರೆ ಬಿಡುವ ಪ್ರಾಣಿ. ಹಾವು ಪೊರೆ ಬಿಡುವ ಮೊದಲು ಕಣ್ಣು ನೀಲಿ ಬಿಳುಪಾಗಿ ಮಸುಕಾಗುತ್ತದೆ, ನೋಟ ಮಂಕಾಗುತ್ತದೆ, ಮುಟ್ಟಿದರೆ ಸಿಡುಕುತ್ತದೆ. ಆ ದಿನಗಳಲ್ಲಿ ಹಲ್ಲಣ ಹಾಕಿದರೆ ಸಡಿಲವಾದ ಪೊರೆಯ ಮೇಲೆ ಹಲ್ಲಣ ಜಾರುತ್ತದೆ, ಸವಾರನೂ ಜಾರುತ್ತಾನೆ. ಆ ಕಾಲಕ್ಕೆ ಪೊರೆಗಾಲ, ಆ ಕಣ್ಣಿಗೆ ಹಾಲುಗಣ್ಣು ಎಂದು ಕರೆಯಬಹುದು. ಇಡೀ ಪಡೆ ನೆಲಕ್ಕಿಳಿದಿರುವ ಹೊತ್ತು ಯುದ್ಧದ ಕಥೆಗೆ ತುಂಬ ಒದಗುತ್ತದೆ.

ನುಡಿಗಮ್ಮಟ

ಪೊರೆಗಾಲ, ಹಾಲುಗಣ್ಣು ಎರಡೂ ಸರಿಯಾದ ಆದೇಶ ಸಂಧಿ. ಮಳೆ+ಕಾಲ ಮಳೆಗಾಲ ಆದ ಹಾಗೆ. ಹೊಸ ಪದ ಹಳೆಯದರಂತೆ ಕೇಳಬೇಕಾದರೆ ಇದಕ್ಕಿಂತ ಸುಲಭದ ಉಪಾಯ ಬೇರೊಂದಿಲ್ಲ. ಎರಡನೇ ಪದದ ಮೊದಲಲ್ಲಿ ಕ, ತ, ಪ ಇದ್ದರೆ ಗ, ದ, ಬ ಮಾಡಿ. ಹಲವು ಕಡೆ ಪ, ಬ, ಮ ಇದ್ದಲ್ಲಿ ವ ಬರುತ್ತದೆ: ಕೆನೆ+ಪಾಲ್ ಕೆನೆವಾಲು, ಮೆಲ್+ಮಾತು ಮೆಲ್ವಾತು.

ಪ್ರಾಣಿಯ ಹೆಸರನ್ನೂ ಇಲ್ಲಿಂದಲೇ ತೆಗೆಯೋಣ. ಹಳಗನ್ನಡದಲ್ಲಿ ಹಾವು "ಪಾವು". ಪೆರ್+ಪಾವು ಪೆರ್ಬಾವು ಆಗಿ ಇವತ್ತಿನ ಹೆಬ್ಬಾವು ಆಗಿದೆ. ಉರಿ+ಪಾವು ಸೇರಿಸಿ, ಕೆನೆವಾಲಿನ ಹಾಗೆ ಉರಿವಾವು ಬರುತ್ತದೆ. ಬಾನ್+ಪಾವು ಸೇರಿಸಿದರೆ, ಕಣ್+ಪನಿ ಕಂಬನಿ ಆದಂತೆ, "ಬಾಂಬಾವು" ಬರುತ್ತದೆ, ಅದನ್ನು ಬಿಡಿ. ಇವತ್ತಿನ ಕಿವಿಗೆ ಬಾಂಬು ಮಾತ್ರ ಕೇಳಿಸುತ್ತದೆ.

ಸಂಧಿ ಕೈಕೊಡುವ ಕಡೆಯೂ ಇದೆ. ಜೀನಿಗೆ "ತಡಿ" ಎಂಬ ಪದವೂ ಇದೆ ಅಂತ ಬೆತ್ತ+ತಡಿ ಮಾಡಿದರೆ "ಬೆತ್ತದಡಿ". ನಿಯಮ ಸರಿ, ಆದರೆ ಓದುವವರು "ಬೆತ್ತದ ಅಡಿ" ಎಂದೇ ಬಿಡಿಸುತ್ತಾರೆ. ಪದ ಕಟ್ಟಿದ ಮೇಲೆ ಅದನ್ನು ಬೇರೆ ಎಲ್ಲಿ ಒಡೆದರೆ ಬೇರೆ ಅರ್ಥ ಬರುತ್ತದೆ ಅಂತ ನೋಡಲೇಬೇಕು.

ಕಣ್ಣಿಹಗ್ಗ

ಉರಿವಾವು ಹಾಡಿಗೆ, ಶಾಸನಕ್ಕೆ ಒಪ್ಪುತ್ತದೆ. ಹತ್ತಿರವಿದ್ದು ಮೇವು ಹಾಕುವವರು ಮಾತ್ರ ಪ್ರಾಣಿಯ ನಿಜವಾದ ಹೆಸರು ಹಿಡಿದು ಕರೆಯುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹಾವು ಅನ್ನುವುದಿಲ್ಲ, "ಹುಳ" ಅನ್ನುತ್ತಾರೆ. ಕಚ್ಚಿದರೆ "ಹುಳ ಮುಟ್ಟಿದೆ" ಅನ್ನುತ್ತಾರೆ. ಲಾಯದವರ ಬಾಯಲ್ಲಿ ನಿಮ್ಮ ಡ್ರ್ಯಾಗನ್ ಕೂಡ ಹುಳ ಆಗಲಿ. ಮನೆಯಷ್ಟು ದೊಡ್ಡ ಪ್ರಾಣಿಯನ್ನು ಹುಳ ಅಂದಾಗಲೇ ಅದರ ಮೇಲಿನ ಭಯ ಗೊತ್ತಾಗುತ್ತದೆ.

ನುಡಿಗಮ್ಮಟ

ತುಂಬ ಒಳ್ಳೆಯ ಮಾತು. ಹಳೆಯ ಇಂಗ್ಲಿಷಿನಲ್ಲಿಯೂ ಹುಳಕ್ಕೆ ಇದ್ದ ಪದವೇ ಹಾವಿಗೂ ಡ್ರ್ಯಾಗನ್ನಿಗೂ ನಡೆಯುತ್ತಿತ್ತು. ನಮ್ಮಲ್ಲಿ ಅದು ಈಗಲೂ ಜೀವಂತವಾಗಿದೆ.

ಇದರಿಂದ ಇನ್ನೊಂದು ತೊಡಕೂ ಬಗೆಹರಿಯಿತು. ಪ್ರಾಣಿಯನ್ನೇ "ನಾಗ" ಅಂತ ಕರೆದು ಅದಕ್ಕೆ ಮೂಗುದಾರ ಹಾಕಿಸಿದರೆ, ನಾಗಬನಕ್ಕೆ ಕೈಮುಗಿಯುವ ಕರಾವಳಿಯ ಓದುಗರಿಗೆ ಅದು ನೋವು ಕೊಡುತ್ತದೆ. ನಾವುತ ಎಂಬ ಸವೆದ ಪದದಲ್ಲಿ ನಾಗ ಮರೆಯಾಗಿದ್ದಾನೆ, ಅಷ್ಟರ ಮಟ್ಟಿಗೆ ಇರಲಿ.

ಮುಗಿಲಹಾದಿ

ಹಾಗಾದರೆ ಮೂರು ಪದರ: ಅರಮನೆಯಲ್ಲಿ ಘಟಸರ್ಪ, ಹಾಡಿನಲ್ಲಿ ಉರಿವಾವು, ಲಾಯದಲ್ಲಿ ಹುಳ. ಕನ್ನಡ ಬೈಬಲ್ಲಿನ ಪ್ರಕಟನೆ ಪುಸ್ತಕದಿಂದ ಘಟಸರ್ಪ ಎಂಬುದು ಎಷ್ಟೋ ಓದುಗರಿಗೆ ಮೊದಲೇ ಪರಿಚಿತ, ಹಾಗಾಗಿ ಮೊದಲ ಪುಟದಲ್ಲಿ ಅದನ್ನೇ ಇಟ್ಟರೆ ಪ್ರಾಣಿ ಯಾವುದೆಂದು ತಿಳಿಯುತ್ತದೆ. ನೋಡಿಕೊಳ್ಳುವವರಿಗೆ ಏನೆನ್ನಬೇಕು? ಪಡೆಯಲ್ಲಿ ಹೆಂಗಸರೂ ಇದ್ದಾರೆ.

ನುಡಿಗಮ್ಮಟ

ಹಾವಾಡಿಗ, ಹೂವಾಡಿಗ, ಆನೆಯ ಕಾವಾಡಿಗ ಇವೆಯಲ್ಲ, ಅದೇ ಅಚ್ಚಿನಲ್ಲಿ ಉರಿವಾಡಿಗ. ಹೂವಾಡಗಿತ್ತಿ ಇರುವುದರಿಂದ ಉರಿವಾಡಗಿತ್ತಿ ತಾನಾಗಿ ಬರುತ್ತದೆ. ನಾವುತನಿಗೆ ನಾವುತಿ.

ಹೊಸ ಪದ ಗಟ್ಟಿಯಾಗಿದೆಯೋ ಇಲ್ಲವೋ ನೋಡಲು ಐದು ರೂಪ ಮಾಡಿ: ಹೆಣ್ಣುರೂಪ, ಬಹುವಚನ, "-ಗೆ" ಸೇರಿದ್ದು, "-ತನ" ಅಥವಾ "-ಇಕೆ" ಸೇರಿದ್ದು, ಕ್ರಿಯಾಪದ. ನಾವುತಿ, ನಾವುತರು, ನಾವುತನಿಗೆ, ನಾವುತಿಕೆ, ನಾವುತಿಸು. ಘಟಸರ್ಪಾರೋಹಿಗೆ ಹೆಣ್ಣುರೂಪ ಹುಡುಕಲು ಹೋದರೆ ಅಲ್ಲೇ ಕಾಲು ತೊಡರುತ್ತದೆ.

ತೇಜಿ

ಬೆಂಕಿ ಬರುವ ಬಾಯಿಗೆ ಕಡಿವಾಣ ಹಾಕಬೇಡಿ. ಕಬ್ಬಿಣ ಕಾದು ನಾಲಿಗೆ ಸುಡುತ್ತದೆ, ಅದಕ್ಕೆ ಕಟ್ಟಿದ ತೊಗಲು ವಾಘೆ ಮೊದಲ ಉರಿಗೇ ಕರಕಲಾಗುತ್ತದೆ. ಮೂಗಲ್ಲಿ ಹೊಗೆ ಬರುವುದಾದರೆ ಮೂಗುದಾರವೂ ಆಗದು.

ಇನ್ನೊಂದು ತೊಂದರೆ ಭಾಷೆಯದು. ಕಡಿವಾಣ, ಲಗಾಮು, ಅಂಕುಶ, ಮೂಗುದಾರ ಎಲ್ಲವನ್ನೂ ಪತ್ರಿಕೆಗಳು ದಿನಾ "ಬೆಲೆ ಏರಿಕೆಗೆ ಕಡಿವಾಣ" ಎಂದು ಬಳಸಿ ಬಳಸಿ, ಓದುಗನ ಕಣ್ಣಿಗೆ ಈಗ ಕಬ್ಬಿಣದ ತುಂಡು ಕಾಣುವುದೇ ಇಲ್ಲ. "ಅವನು ಕಡಿವಾಣ ಹಾಕಿದ" ಅಂದರೆ ತಡೆದ ಅಂತಲೇ ಓದಿಕೊಳ್ಳುತ್ತಾರೆ. ಹಳೆಯ ಪದ ಬಳಸುವುದಾದರೆ ಪಕ್ಕದಲ್ಲಿ ವಸ್ತುವನ್ನು ತೋರಿಸಿ: ಜೊಲ್ಲು, ತುಕ್ಕು, ಹಲ್ಲಿಗೆ ತಾಗಿದ ಸದ್ದು.

ಕಣ್ಣಿಹಗ್ಗ

ಎತ್ತಿನ ಮೂಗುದಾರ ಮೂಗಿನಿಂದ ಹೋಗಿ ಕೊಂಬಿನ ಹಿಂದೆ ಗಂಟಾಗುತ್ತದೆ. ನಿಮ್ಮ ಪ್ರಾಣಿಗೆ ಕೋಡು ಇರುವುದರಿಂದ ಮೂಗನ್ನು ಬಿಟ್ಟು ಕೋಡಿಗಷ್ಟೇ ಕಟ್ಟಿ, ಕೋಡುದಾರ ಅನ್ನಿ. ಬಾಯಿಂದ ದೂರ, ಬೆಂಕಿಗೆ ಸಿಗುವುದಿಲ್ಲ. ಎಡಗೋಡು ಎಳೆದರೆ ತಲೆ ಎಡಕ್ಕೆ.

ಸವಾರನನ್ನು ಹಲ್ಲಣಕ್ಕೆ ಕಟ್ಟುವ ಹಗ್ಗಕ್ಕೆ ಉಡುದಾರದ ಮಾದರಿಯಲ್ಲಿ ಉಡುಮಿಣಿ. ಸೊಂಟಕ್ಕೆ ಉಡುವ ಮಿಣಿ. ಕಲ್ಲಿಗೆ ಕಚ್ಚಿಕೊಂಡರೆ ಬಿಡದ ಉಡದ ಪಟ್ಟೂ ಅದರೊಳಗೆ ಕೇಳಿಸುತ್ತದೆ. ಉದ್ದ ಒಂದು ಮೊಳಕ್ಕಿಂತ ಹೆಚ್ಚಿರಬಾರದು. ಹೆಚ್ಚಾದರೆ ಬಿದ್ದವನು ನೇತಾಡುತ್ತಾ ರೆಕ್ಕೆಗೆ ಸಿಕ್ಕುತ್ತಾನೆ, ಕಡಿಮೆಯಾದರೆ ಮುಂದಕ್ಕೆ ಬಾಗಲು ಆಗುವುದಿಲ್ಲ. ಇಂಥ ಪದದಿಂದ ನುಡಿಗಟ್ಟು ಹುಟ್ಟಬೇಕು. ಆ ಊರಲ್ಲಿ ಯಾರಾದರೂ ಅಡ್ಡಾದಿಡ್ಡಿ ನಡೆದರೆ "ಅವನು ಉಡುಮಿಣಿ ಬಿಚ್ಚಿಕೊಂಡವನು" ಅನ್ನಲಿ. ನಮ್ಮಲ್ಲಿ "ಲಂಗುಲಗಾಮಿಲ್ಲದೆ" ಅನ್ನುತ್ತೇವಲ್ಲ, ಹಾಗೆ.

ಮುಗಿಲಹಾದಿ

ಹಾರಾಟದ ಬಗೆಗಳು? ಕುದುರೆಯ ಐದು ಧಾರೆಗಳನ್ನು (ನಡೆಯ ಬಗೆಗಳನ್ನು), ಅಂದರೆ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಇವನ್ನು ಹಾಗೇ ತೆಗೆದುಕೊಳ್ಳಬಹುದೇ?

ನುಡಿಗಮ್ಮಟ

ಸಂಸ್ಕೃತ ನಿಘಂಟು ಅಮರಕೋಶದ ಆ ಪಟ್ಟಿಯನ್ನು ಕಥೆಯ ಗುರುಗಳು ಪಾಠ ಹೇಳುವಾಗ ಬಳಸಿ. ಅಂಗಳದಲ್ಲಿ ಬೇಕಾಗಿರುವುದು "ನಾಗಾಲೋಟ"ದಂಥ ಪದ. ಅದು ನಾಲ್+ಕಾಲ್+ಓಟ, ನಾಲ್ಕೂ ಕಾಲಿನ ಓಟ. ಎಣಿಕೆ, ಅಂಗ, ಚಲನೆ ಮೂರೂ ಒಂದೇ ಪದದಲ್ಲಿ ಕೂತಿವೆ. ರೆಕ್ಕೆಗೆ ಹೀಗೆ ಮಾಡಿ: ಇರ್+ಬಡಿ ಇಬ್ಬಡಿ, ಎರಡು ಬಡಿತ ಬಡಿದು ಒಮ್ಮೆ ತೇಲುವುದು, ದೂರದ ಪಯಣದ ನಡೆ. ಬಿಡದೆ ಬಡಿಯುವುದು "ಸುರಿಬಡಿ", ನೆಲ ಬಿಟ್ಟೇಳುವಾಗ ಮಾತ್ರ, ಹೆಚ್ಚು ಹೊತ್ತು ಮಾಡಿಸಿದರೆ ಪ್ರಾಣಿ ಸೋಲುತ್ತದೆ. ಒಂದು ಬದಿಗೆ ಓರೆಯಾಗುವುದು "ಎಡವಾಲು", "ಬಲವಾಲು". ಮೇಲಿಂದ ಬೇಟೆಯ ಮೇಲೆ ಬೀಳುವುದಕ್ಕೆ ಹದ್ದಿನ "ಎರಗು" ಇದ್ದೇ ಇದೆ, ಹೊಸದು ಬೇಡ.

ತೇಜಿ

ಗಾಳಿಪಟದವರನ್ನು ಮರೆಯಬೇಡಿ. ಪಟ ತಲೆಕೆಳಗಾಗಿ ನೆಲಕ್ಕೆ ನುಗ್ಗುವುದು "ಗೋತಾ ಹೊಡೆಯುವುದು". ಪರೀಕ್ಷೆಯಲ್ಲಿ ನಪಾಸಾದರೂ ಗೋತಾ ಅನ್ನುತ್ತೇವೆ. ಹತೋಟಿ ತಪ್ಪಿ ಬೀಳುವುದಕ್ಕೆ ಅದೇ ಪದ. ಬೇಕೆಂದೇ ಇಳಿದರೆ ಎರಗು, ಕೈಮೀರಿ ಇಳಿದರೆ ಗೋತಾ. ಈ ಎರಡನ್ನು ಬೇರೆ ಇಟ್ಟರೆ ಯುದ್ಧದ ದೃಶ್ಯದಲ್ಲಿ ಒಂದೊಂದು ವಾಕ್ಯ ಉಳಿಯುತ್ತದೆ.

ನುಡಿಗಮ್ಮಟ

ಗೋತಾ ಉರ್ದುವಿನಿಂದ ಬಂದದ್ದು. "ಸವಾರ" ಎಂಬ ಪದವನ್ನು ಹೊರಗಿಟ್ಟು ಗೋತಾವನ್ನು ಒಳಗೆ ಬಿಡುವುದು ಸರಿಯೇ?

ತೇಜಿ

ನಿರೂಪಕನ ಮಾತಿಗೂ ಪಾತ್ರದ ಮಾತಿಗೂ ಬೇರೆ ಅಳತೆ ಇಡಬೇಕು. "ಸವಾರಿ" ಇವತ್ತು ಕನ್ನಡವೇ. ನಿರೂಪಕ ಸವಾರಿ ಅಂದರೆ ಯಾರೂ ಎಡವುವುದಿಲ್ಲ, ಗೋತಾ ಅಂದರೂ ಎಡವುವುದಿಲ್ಲ. ಪಾತ್ರಗಳು "ಮೊಗಚಿತು" ಅನ್ನಲಿ.

ಓತಿಕ್ಯಾತ

ಇನ್ನು ಆಜ್ಞೆಗಳು. ಜೋರು ಗಾಳಿಯಲ್ಲಿ "ಸ", "ಶ"ದಂಥ ಸದ್ದು ಮೊದಲು ಕಳೆದುಹೋಗುತ್ತದೆ, ಎಳೆದು ಕೂಗಿದ ಸ್ವರ ಉಳಿಯುತ್ತದೆ. ಹಾಗಾಗಿ ಆಜ್ಞೆಗಳು ಒಂದೇ ಉಸಿರಿನವು, ಒಂದೊಂದಕ್ಕೂ ಬೇರೆ ಸ್ವರ ಇರುವವು ಆಗಬೇಕು. ಮೇಲಕ್ಕೇರಲು "ಏ", ಕೆಳಗಿಳಿಯಲು "ತಾ", ಉರಿಗೆ "ಊ", ನಿಲ್ಲಲು "ಹೋ".

ಕಣ್ಣಿಹಗ್ಗ

"ಏ" ಬೇಡ. ನಮ್ಮವರು ಒಬ್ಬರನ್ನೊಬ್ಬರು ಕರೆಯುವುದೇ ಏ ಅಂತ. ಪಕ್ಕದವನನ್ನು ಕರೆದರೆ ಪ್ರಾಣಿ ಮುಗಿಲಿಗೇರುತ್ತದೆ. ಎತ್ತನ್ನು ಮುಂದಕ್ಕೆ ಹೊಡೆಯುವ "ಹೈ" ತಗೊಳ್ಳಿ.

"ಎಳೆ", "ಇಳಿ" ಎರಡನ್ನೂ ಆಜ್ಞೆಯಾಗಿ ಇಡಬೇಡಿ. ಉತ್ತರ ಕರ್ನಾಟಕದ ಮಾತಲ್ಲಿ ಮನೆ ಮನಿ ಆಗುವ ಹಾಗೆ ಎಳೆ "ಎಳಿ" ಆಗುತ್ತದೆ. ಆಮೇಲೆ ಎಳಿ, ಇಳಿ ನಡುವೆ ಇರುವುದು ಮೊದಲ ಸ್ವರದ ವ್ಯತ್ಯಾಸ ಮಾತ್ರ, ಗಾಳಿಯಲ್ಲಿ ಅದು ತಿಳಿಯುವುದಿಲ್ಲ. ಬೇರೆ ಸೀಮೆಯಿಂದ ಬಂದ ಹೊಸ ನಾವುತ ಸಾಯುವುದಕ್ಕೆ ಇಷ್ಟು ಸಾಕು.

ತೇಜಿ

ಎಡ ಬಲಕ್ಕೆ ಬಾಯಿಯೇ ಬೇಡ. ಮಾವುತ ಆನೆಯ ಕಿವಿಯ ಹಿಂದೆ ಕಾಲ್ಬೆರಳು ಒತ್ತಿ ತಿರುಗಿಸುತ್ತಾನೆ. ಹೆಗಲ ಮೇಲೆ ಕೂತ ನಾವುತನಿಗೂ ಅದು ಸಾಧ್ಯ: "ಎಡಮೆಟ್ಟು", "ಬಲಮೆಟ್ಟು". ಉತ್ತರದ ಮಾವುತರ "ಬೈಠ್", "ಧತ್" ಥರ ಆಜ್ಞೆಗಳು ಮಾತ್ರ ಬೇರೆ ಭಾಷೆಯವಾಗಿಯೂ ಇರಬಹುದು. ಪ್ರಾಣಿಯನ್ನು ಪಳಗಿಸಲು ಮೊದಲು ಕಲಿತವರು ಯಾರೋ ಅವರ ಮಾತು ಪ್ರಾಣಿಯ ಕಿವಿಯಲ್ಲಿ ಉಳಿಯುತ್ತದೆ, ರಾಜ್ಯ ಬದಲಾದರೂ.

ಮುಗಿಲಹಾದಿ

ಒಂದು ತುಣುಕು ಬರೆದಿದ್ದೇನೆ, ತಿದ್ದಿ:

"ಪೊರೆಗಾಲ ಮುಗಿದು ಎಂಟು ದಿನವಾಗಿತ್ತು. ಉರಿವಾಡಗಿತ್ತಿ ಹುಳದ ಮುಖದ ಬಳಿ ದೀಪ ಹಿಡಿದಳು. ಕಣ್ಣ ಹಾಲು ಪೂರಾ ಇಳಿದಿತ್ತು. 'ಹಲ್ಲಣಿಸಿ' ಅಂದಳು. ಪಟ್ಟಿ ಬಿಗಿದರು. ನಾವುತ ಹೆಗಲೇರಿ ಉಡುಮಿಣಿಯ ಗಂಟನ್ನು ಜಗ್ಗಿ ನೋಡಿ, ಕೋಡುದಾರ ಅಂಗೈಗೆ ಸುತ್ತಿಕೊಂಡು 'ಹೈ' ಅಂದ."

ನುಡಿಗಮ್ಮಟ

ಆರು ವಾಕ್ಯದಲ್ಲಿ ಐದು ಹೊಸ ಪದ ಬಂದಿವೆ, ಆದರೆ ಪ್ರತಿಯೊಂದರ ಪಕ್ಕದಲ್ಲೂ ಒಂದು ಕೆಲಸವಿದೆ, ಹಾಗಾಗಿ ತಡೆಯುವುದಿಲ್ಲ. ಇದು ಮೊದಲ ಪುಟವಾದರೆ ಮೂರಕ್ಕೆ ಇಳಿಸಿ, ಕೋಡುದಾರವನ್ನೂ ಉಡುಮಿಣಿಯನ್ನೂ ಮುಂದಿನ ದೃಶ್ಯಕ್ಕೆ ಇಡಿ. ಕೊನೆಯಲ್ಲಿ ಪದಕೋಶ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ಪುಟ ತಿರುಗಿಸಿ ಅರ್ಥ ನೋಡಬೇಕಾದ ಪದ ಇನ್ನೂ ಬಲಿತಿಲ್ಲ ಎಂದೇ ಅರ್ಥ.

ತೇಜಿ

"ಕೋಡುದಾರ ಅಂಗೈಗೆ ಸುತ್ತಿಕೊಂಡು" ತಪ್ಪು. ದಾರವನ್ನು ಕೈಗೆ ಸುತ್ತಿಕೊಂಡವನ ಬೆರಳು ಪ್ರಾಣಿ ತಲೆ ಕೊಡವಿದರೆ ಮುರಿಯುತ್ತದೆ. ಕುದುರೆಯಲ್ಲೂ ಹಾಗೇ. ಮಡಿಚಿ ಹಿಡಿಯಬೇಕು, ಸುತ್ತಬಾರದು.

ಇನ್ನೊಂದು: ಪಟ್ಟಿ ಬಿಗಿಯುವಾಗ ಕುದುರೆ ಎದೆ ಉಬ್ಬಿಸಿ ನಿಲ್ಲುತ್ತದೆ, ಆಮೇಲೆ ಉಸಿರು ಬಿಟ್ಟರೆ ಪಟ್ಟಿ ಸಡಿಲ. ಸ್ವಲ್ಪ ಹೊತ್ತು ನಡೆಸಿ ಎರಡನೇ ಸಲ ಬಿಗಿಯಲೇಬೇಕು. ಬೆಂಕಿಯುಸಿರಿನ ಪ್ರಾಣಿಗೆ ಎದೆ ಇನ್ನೂ ದೊಡ್ಡದು. ಅದಕ್ಕೆ ಮರುಬಿಗಿ ಅಂತ ಹೆಸರಿಡಿ. ಮರುಬಿಗಿ ಆಗದೆ ಉರಿವಾಡಗಿತ್ತಿ ಯಾರನ್ನೂ ಹತ್ತಿಸುವುದಿಲ್ಲ.

ಮುಗಿಲಹಾದಿ

ತಿದ್ದಿದೆ:

"'ಹಲ್ಲಣಿಸಿ' ಅಂದಳು. ಪಟ್ಟಿ ಬಿಗಿದರು. ಹುಳವನ್ನು ಅಂಗಳದಲ್ಲಿ ಎರಡು ಸುತ್ತು ನಡೆಸಿದರು. ಅದು ಮೂಗಿನಿಂದ ಬೂದಿಬಣ್ಣದ ಉಸಿರು ಬಿಟ್ಟಿತು, ಪಟ್ಟಿಯ ಕೆಳಗೆ ನಾಲ್ಕು ಬೆರಳು ಹಿಡಿಸುವಷ್ಟು ಜಾಗ ತೆರೆಯಿತು. ಉರಿವಾಡಗಿತ್ತಿ ಮೊಣಕಾಲನ್ನು ಅದರ ಪಕ್ಕೆಗೆ ಕೊಟ್ಟು ಮರುಬಿಗಿ ಮಾಡಿದಳು. ಆಮೇಲೆ ನಾವುತನ ಕಡೆ ನೋಡಿ ತಲೆಯಾಡಿಸಿದಳು."